ಸೈನಿಕರ ಕ್ಯಾಮೆರಾಗೆ ನಿಷೇಧ: ಗುಟ್ಟು ಕಾಯಲೋ, ಮಾನ ಕಾಯಲೋ?

ಅಂಕೋಲಾ ಕಡೆಯಿಂದ ಹೆದ್ದಾರಿಯಲ್ಲಿ ಕಾರವಾರಕ್ಕೆ ಬರುವಾಗ ಅರ್ಗಾ ಹತ್ತಿರ ಕದಂಬ ನೌಕಾನೆಲೆ ಸಿಗುತ್ತದೆ. ಅಲ್ಲಿ ಫೋಟೊ ತೆಗೆಯಬಾರದು ಅಂತ ನಮ್ಮೂರ ಮಕ್ಕಳಿಗೂ ಗೊತ್ತು. ಟಾಗೋರ್ ಕಡಲತೀರಕ್ಕೆ ಬಂದರೆ ಕಥೆಯೇ ಬೇರೆ. ಅಲ್ಲಿ ನಿವೃತ್ತ ಯುದ್ಧನೌಕೆ ಐಎನ್‌ಎಸ್ ಚಪಲ್ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಹತ್ತಿರದಲ್ಲೇ ಚೆಂಡಿಯಾದಲ್ಲಿ ಹುಟ್ಟಿ ಪರಮವೀರ ಚಕ್ರ ಪಡೆದ ಮೇಜರ್ ರಾಮಾ ರಾಘೋಬಾ ರಾಣೆ ಅವರ ಪ್ರತಿಮೆ ಇದೆ. ಎರಡರ ಮುಂದೆಯೂ ಸೆಲ್ಫಿಗೆ ಜನ ನಿಲ್ಲುತ್ತಾರೆ. ಕೆಲಸದಲ್ಲಿರುವ ಹಡಗಿಗೆ ಗುಟ್ಟಿದೆ, ನಿವೃತ್ತ ಹಡಗಿಗೆ ಇಲ್ಲ. ಇದನ್ನು ಯಾರೂ ನಮಗೆ ಬಿಡಿಸಿ ಹೇಳಬೇಕಿಲ್ಲ.

2019ರ ಡಿಸೆಂಬರ್‌ನಲ್ಲಿ ಕಾರವಾರ, ವಿಶಾಖಪಟ್ಟಣ, ಮುಂಬೈಗಳಲ್ಲಿ ನೌಕಾಪಡೆಯ ಏಳು ಸಿಬ್ಬಂದಿಯ ಬಂಧನವಾಯಿತು. ಸೋಷಿಯಲ್ ಮೀಡಿಯಾದಲ್ಲಿ ಹೆಣ್ಣಿನ ಹೆಸರಲ್ಲಿ ಗೆಳೆತನ ಬೆಳೆಸಿದ ಪಾಕಿಸ್ತಾನದ ಏಜೆಂಟರಿಗೆ ಮಾಹಿತಿ ಕೊಟ್ಟರು ಅನ್ನುವುದು ಆರೋಪ. ಅದರ ಬೆನ್ನಿಗೇ ನೌಕಾಪಡೆ ತನ್ನ ನೆಲೆ, ಹಡಗುಗಳಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿತು. 2025ರ ಫೆಬ್ರುವರಿಯಲ್ಲಿ ಎನ್‌ಐಎ ಕದಂಬ ನೌಕಾನೆಲೆಯ ಮಾಹಿತಿ ಸೋರಿಕೆ ಪ್ರಕರಣದಲ್ಲಿ ಇಲ್ಲಿನ ಇಬ್ಬರನ್ನು ಹಿಡಿಯಿತು. ಹಾಗಾಗಿ ಕ್ಯಾಮೆರಾ ನಿಷೇಧ ಅಂದ ಕೂಡಲೇ ಕಾರವಾರದವರಿಗೆ ನೆನಪಾಗುವುದು ಗೂಢಚಾರಿಕೆ. ಆದರೆ ಈ ನಿಷೇಧದ ಚರಿತ್ರೆಯಲ್ಲಿ ಇನ್ನೊಂದು ಕಾರಣವೂ ಉದ್ದಕ್ಕೂ ಬರುತ್ತದೆ. ಸೈನಿಕರು ಮಾಡಬಾರದ್ದನ್ನು ಮಾಡಿರುತ್ತಾರೆ. ಅದರ ಫೋಟೊ ಹೊರಗೆ ಬಂದಿರುತ್ತದೆ.

ಶುರುವಾಗಿದ್ದು ಮೊದಲ ಮಹಾಯುದ್ಧದಲ್ಲಿ. ಕೊಡಾಕ್ ಕಂಪನಿ 1912ರಲ್ಲಿ ಅಂಗಿ ಜೇಬಿಗೆ ಹಿಡಿಯುವ ಕ್ಯಾಮೆರಾ ತಂದಿತ್ತು. ಯುದ್ಧ ಬಂದಾಗ ಅದನ್ನು 'ಸೈನಿಕರ ಕೊಡಾಕ್' ಅಂತಲೇ ಮಾರಿತು. 1914ರ ಡಿಸೆಂಬರ್‌ನಲ್ಲೇ ಬ್ರಿಟಿಷ್ ಸೇನೆ ಕ್ಯಾಮೆರಾ ಬೇಡ ಎಂದಿತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕ್ರಿಸ್‌ಮಸ್‌ಗೆ ಎರಡೂ ಕಡೆಯವರು ಗುಂಡು ಹಾರಿಸುವುದನ್ನು ಬಿಟ್ಟು ಕೈಕುಲುಕಿದರು. ಬ್ರಿಟಿಷ್, ಜರ್ಮನ್ ಸೈನಿಕರು ಜೊತೆಗೆ ನಿಂತ ಫೋಟೊ 1915ರ ಜನವರಿ 8ರಂದು ಲಂಡನ್ನಿನ ಡೈಲಿ ಮಿರರ್ ಪತ್ರಿಕೆಯಲ್ಲಿ ಬಂತು. ಮಾರ್ಚ್ ಹೊತ್ತಿಗೆ ನಿಷೇಧ ಬಿಗಿಯಾಯಿತು.

ಎರಡನೇ ಮಹಾಯುದ್ಧದ ಒಂದು ತೀರ್ಪು ಓದಿದರೆ ಮೈ ಜುಂ ಅನ್ನುತ್ತದೆ. ಮ್ಯಾಕ್ಸ್ ಟಾಯ್ಬ್ನರ್ ಎಂಬಾತ ಹಿಟ್ಲರನ ನಾಜಿ ಪಡೆಯಾದ ಎಸ್‌ಎಸ್‌ನ ಅಧಿಕಾರಿ. ಅವನು ಯುಕ್ರೇನ್‌ನಲ್ಲಿ ಯಹೂದಿಗಳನ್ನು ಕೊಲ್ಲಿಸಿದ್ದ. ಅದರ ಫೋಟೊ ಮನೆಯವರಿಗೆ, ಗೆಳೆಯರಿಗೆ ತೋರಿಸಿದ್ದ. 1943ರಲ್ಲಿ ಎಸ್‌ಎಸ್‌ನದೇ ನ್ಯಾಯಾಲಯ ಅವನಿಗೆ 10 ವರ್ಷ ಶಿಕ್ಷೆ ಕೊಟ್ಟಿತು. ಯಹೂದಿಗಳನ್ನು ಕೊಂದದ್ದು ತಪ್ಪಲ್ಲ, ಕೊಂದ ರೀತಿ ತಪ್ಪು, ಫೋಟೊ ತೆಗೆದು ತೋರಿಸಿದ್ದು ತಪ್ಪು ಅನ್ನುವುದು ಆ ನ್ಯಾಯಾಲಯದ ಲೆಕ್ಕ. ಹೆಣಗಳ ಲೆಕ್ಕ ಕೇಳದೆ ಫೋಟೊದ ಲೆಕ್ಕ ಕೇಳಿದ ತೀರ್ಪು ಅದು.

ಇನ್ನು ವಿಯೆಟ್ನಾಂ. 1968ರ ಮಾರ್ಚ್ 16. ಮೈ ಲಾಯ್ ಹಳ್ಳಿಗೆ ನುಗ್ಗಿದ ಅಮೆರಿಕನ್ ತುಕಡಿಯ ಜೊತೆ ರೊನಾಲ್ಡ್ ಹೇಬರ್ಲಿ ಎಂಬ ಸೇನಾ ಫೋಟೊಗ್ರಾಫರ್ ಇದ್ದರು. ಅವರ ಬಳಿ ಕ್ಯಾಮೆರಾ ಎರಡು ಬಗೆಯವು. ಸೇನೆಯದರಲ್ಲಿ ಕಪ್ಪು-ಬಿಳುಪು ರೀಲು. ಸ್ವಂತದ್ದರಲ್ಲಿ ಕಲರ್ ರೀಲು. ಕಪ್ಪು-ಬಿಳುಪು ರೀಲು ಸೇನೆಯ ಕಚೇರಿಗೆ ಹೋಯಿತು. ಅದರಲ್ಲಿ ಹತ್ಯಾಕಾಂಡ ಇರಲಿಲ್ಲ. ದಾರಿಯಲ್ಲಿ ಒಂದರ ಮೇಲೊಂದು ಬಿದ್ದಿದ್ದ ಹೆಂಗಸರ, ಮಕ್ಕಳ ಹೆಣಗಳು ಇದ್ದದ್ದು ಸ್ವಂತ ಕ್ಯಾಮೆರಾದಲ್ಲಿ. 1969ರ ನವೆಂಬರ್‌ನಲ್ಲಿ ಅವರ ಊರಿನ ಪತ್ರಿಕೆ ಅದನ್ನು ಛಾಪಿಸಿತು. ಸತ್ತವರು 504 ಜನ ಅಂತ ವಿಯೆಟ್ನಾಂ ಹೇಳುತ್ತದೆ, ಅಮೆರಿಕದ ಲೆಕ್ಕ 347. ಅಂದು ಸ್ವಂತ ಕ್ಯಾಮೆರಾಗೆ ಕಟ್ಟುನಿಟ್ಟಿನ ನಿಷೇಧ ಇದ್ದಿದ್ದರೆ? ಆ ಜನರ ಸಾವು 'ಶತ್ರುಗಳನ್ನು ಕೊಂದೆವು' ಅನ್ನುವ ವರದಿಯಲ್ಲೇ ಮುಚ್ಚಿಹೋಗುತ್ತಿತ್ತೋ ಏನೋ.

ಇರಾಕ್ ಯುದ್ಧದ ಹೊತ್ತಿಗೆ ಕ್ಯಾಮೆರಾ ಎಲ್ಲರ ಕೈಗೂ ಬಂದಿತ್ತು. 2003ರಲ್ಲಿ ಬ್ರಿಟಿಷ್ ಸೈನಿಕನೊಬ್ಬ ರಜೆಗೆ ಬಂದವನು ಟ್ಯಾಮ್‌ವರ್ತ್ ಊರಿನ ಫೋಟೊ ಅಂಗಡಿಗೆ ರೀಲು ತೊಳೆಯಲು ಕೊಟ್ಟ. ಬಸ್ರಾ ಹತ್ತಿರ ಇರಾಕಿ ಕೈದಿಗಳಿಗೆ ಕೊಟ್ಟ ಹಿಂಸೆ ಪ್ರಿಂಟಿನಲ್ಲಿ ಮೂಡಿತು. ಅಂಗಡಿಯವರು ಪೊಲೀಸರಿಗೆ ಹೇಳಿದರು. ಸೇನೆಯ ಯಾವ ಮೇಲಧಿಕಾರಿಯೂ ಪತ್ತೆ ಮಾಡದ್ದನ್ನು ಪತ್ತೆ ಮಾಡಿದ್ದು ಒಂದು ಫೋಟೊ ಅಂಗಡಿ.

ಮರುವರ್ಷ, ಇರಾಕ್‌ನಲ್ಲಿ ಅಮೆರಿಕದ ಸೇನೆಯ ಕೈಯಲ್ಲಿದ್ದ ಅಬು ಘ್ರೈಬ್ ಜೈಲಿನಲ್ಲಿ ಕೈದಿಗಳಿಗೆ ಕೊಟ್ಟ ಹಿಂಸೆಯ ಫೋಟೊಗಳು ಬಂದವು. 2004ರ ಏಪ್ರಿಲ್ 28ರಂದು ಸಿಬಿಎಸ್ ಟಿವಿ ಅವನ್ನು ತೋರಿಸಿತು. ಸಂಸತ್ತಿನ ಸಮಿತಿ ಮುಂದೆ ಕೂತ ಅಮೆರಿಕದ ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್, ಡಿಜಿಟಲ್ ಕ್ಯಾಮೆರಾ ಹಿಡಿದು ಓಡಾಡುವವರು ಫೋಟೊ ತೆಗೆದು ಮಾಧ್ಯಮಕ್ಕೆ ಕೊಡುತ್ತಿದ್ದಾರೆ ಅಂತ ಬೇಸರ ತೋಡಿಕೊಂಡರು. ಇರಾಕ್‌ನಲ್ಲಿ ಕ್ಯಾಮೆರಾ ಫೋನ್ ನಿಷೇಧವಾಯಿತು ಅಂತ ಆ ಮೇ ತಿಂಗಳಲ್ಲಿ ಸುದ್ದಿ ಹಬ್ಬಿತು. ಅಂಥ ಹೊಸ ನಿಷೇಧ ಇಲ್ಲ ಅಂದಿತು ಪೆಂಟಗನ್. 2006ರ ಸೇನಾ ಆದೇಶದಲ್ಲಿ ಮಾತ್ರ ಕೈದಿಗಳ, ಸತ್ತವರ, ಗಾಯಾಳುಗಳ ಫೋಟೊ ತೆಗೆಯಬಾರದು ಅಂತ ಸ್ಪಷ್ಟವಾಗಿತ್ತು. ಇದನ್ನು ಬರೀ ಮುಚ್ಚಿಡುವ ನಿಯಮ ಅನ್ನುವಂತಿಲ್ಲ. ಕೈದಿಯನ್ನು ನೋಟದ ವಸ್ತು ಮಾಡಬಾರದು ಅಂತ ಜಿನೀವಾ ಒಪ್ಪಂದವೇ ಹೇಳುತ್ತದೆ. ಅಬು ಘ್ರೈಬ್‌ನಲ್ಲಿ ಫೋಟೊ ತೆಗೆಯುವುದೇ ಒಂದು ಹಿಂಸೆಯಾಗಿತ್ತು. ಬೆತ್ತಲೆ ಮನುಷ್ಯನ ಪಕ್ಕ ನಗುತ್ತಾ ಹೆಬ್ಬೆರಳು ಎತ್ತಿದ್ದರು. ಆದರೆ ಅದೇ ಫೋಟೊ ಇಲ್ಲದಿದ್ದರೆ ಆ ಕೈದಿಗಳ ಮಾತನ್ನು ಯಾರು ನಂಬುತ್ತಿದ್ದರು?

ಆಮೇಲಿನದು ಬೇಗ ಹೇಳಿಬಿಡುತ್ತೇನೆ. 2011ರಲ್ಲಿ ಅಫ್ಘಾನಿಸ್ತಾನದಲ್ಲಿ ಗಾಯಗೊಂಡು ಬಿದ್ದವನನ್ನು ಬ್ರಿಟಿಷ್ ಮರೀನ್ ಕೊಂದದ್ದು ಜೊತೆಗಾರನ ಹೆಲ್ಮೆಟ್ ಕ್ಯಾಮೆರಾದಿಂದ ಸಿಕ್ಕಿಬಿತ್ತು. 2014ರಲ್ಲಿ ಶುರುವಾದ ಯುಕ್ರೇನ್ ಯುದ್ಧದಲ್ಲಿ ರಷ್ಯಾದ ಸೈನಿಕರ ಸೆಲ್ಫಿಗಳೇ ಅವರಿದ್ದ ಜಾಗ ಹೇಳಿದವು. 2019ರಲ್ಲಿ ರಷ್ಯಾ ಕಾನೂನು ತಂದು ಕೆಲಸದಲ್ಲಿರುವ ಸೈನಿಕರ ಸ್ಮಾರ್ಟ್‌ಫೋನ್ ಕಸಿದುಕೊಂಡಿತು.

ನಮ್ಮಲ್ಲೂ ಫೋನು ಗುಟ್ಟನ್ನಷ್ಟೇ ಹೊರಗೆ ಹಾಕಿಲ್ಲ. 2017ರ ಜನವರಿಯಲ್ಲಿ ಬಿಎಸ್‌ಎಫ್ ಜವಾನರೊಬ್ಬರು ನೀರು ನೀರಾದ ದಾಲ್, ಕರಟಿದ ರೊಟ್ಟಿ ತೋರಿಸಿ ವಿಡಿಯೊ ಹಾಕಿದರು. ಏಪ್ರಿಲ್‌ನಲ್ಲಿ ಅವರ ಕೆಲಸ ಹೋಯಿತು. 2023ರ ಡಿಸೆಂಬರ್‌ನಲ್ಲಿ ಪೂಂಛ್‌ನಲ್ಲಿ ಸೇನೆ ವಿಚಾರಣೆಗೆ ಕರೆದೊಯ್ದ ಮೂವರು ನಾಗರಿಕರು ಸತ್ತರು. ಚಿತ್ರಹಿಂಸೆಯದ್ದು ಎನ್ನಲಾದ ವಿಡಿಯೊ ಹರಿದಾಡಿತು. ಸೇನೆ ತನಿಖೆಗೆ ಆದೇಶಿಸಿತು.

ಅರ್ಗಾದ ಒಳಗಿನ ಹಡಗುಗಳ ಫೋಟೊಗೆ ನಿಷೇಧ ಇರಲೇಬೇಕು. ಅಲ್ಲಿ ಕೆಲಸ ಮಾಡುವವರು ನಮ್ಮ ನಿಮ್ಮಂಥ ಮನೆಗಳವರು, ಅವರ ಜೀವದ ಪ್ರಶ್ನೆ ಅದು. ಆದರೆ 'ಭದ್ರತೆ' ಅನ್ನುವ ಒಂದೇ ಮಾತಿನಡಿ ಹಡಗಿನ ಗುಟ್ಟನ್ನೂ ಕೈದಿಯ ಮೇಲಿನ ಏಟನ್ನೂ ಸೇರಿಸಿ ಕಟ್ಟಿಡುವುದು ನನಗೆ ಸರಿ ಕಾಣುವುದಿಲ್ಲ. ಫೋಟೊ ಬೇಡ ಅನ್ನುವ ಆದೇಶದಲ್ಲೇ, ತಪ್ಪಿನ ಸಾಕ್ಷ್ಯ ತಂದುಕೊಟ್ಟವನಿಗೆ ರಕ್ಷಣೆ ಕೊಡುತ್ತೇವೆ ಅಂತಲೂ ಬರೆದಿರಬೇಕು.

ಅದು ಬರೆದಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಜೋ ಡಾರ್ಬಿ ಇದ್ದಾರೆ. ಅಬು ಘ್ರೈಬ್‌ನ ಫೋಟೊಗಳಿದ್ದ ಸಿಡಿಯನ್ನು 2004ರ ಜನವರಿಯಲ್ಲಿ ಸೇನೆಯ ತನಿಖಾಧಿಕಾರಿಗಳಿಗೆ ಕೊಟ್ಟ ಸೈನಿಕ ಇವರೇ. ಹೆಸರು ಗುಟ್ಟಾಗಿರುತ್ತದೆ ಅಂತ ಭರವಸೆ ಸಿಕ್ಕಿತ್ತು. ಮೇ ತಿಂಗಳಲ್ಲಿ ಇರಾಕ್‌ನ ಮೆಸ್‌ನಲ್ಲಿ ನೂರಾರು ಸೈನಿಕರ ನಡುವೆ ಊಟಕ್ಕೆ ಕೂತಿದ್ದಾಗ ಟಿವಿಯಲ್ಲಿ ರಮ್ಸ್‌ಫೆಲ್ಡ್, ಡಾರ್ಬಿ ಹೆಸರು ಹೇಳಿ ಹೊಗಳಿದರು. ಊರಲ್ಲಿ ಕೆಲವರು ದ್ರೋಹಿ ಅಂದರು. ಸೇನೆಯ ಕಾವಲಿನಲ್ಲಿ ಗಂಡ-ಹೆಂಡತಿ ಬೇರೆ ಕಡೆ ಇರಬೇಕಾಯಿತು. ತಮ್ಮ ಊರಿಗೆ ಮತ್ತೆ ಬಾಳಲು ಅವರು ಹೋಗಲಿಲ್ಲ.