ಬೆಳ್ಳಿ ಶೂ, ಕೆಂಪು ಶೂ: ಸಿನಿಮಾದ ವೇಷ ರಂಗಕ್ಕೂ ಬೇಕಾ?

1939ಕ್ಕೆ ಮುಂಚೆ ಡೊರೊಥಿಯ ಶೂ ಕೆಂಪಾಗಿರಲಿಲ್ಲ. ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ‘ದಿ ವಂಡರ್‌ಫುಲ್ ವಿಝಾರ್ಡ್ ಆಫ್ ಓಝ್’ ಅನ್ನೋ ಮಕ್ಕಳ ಕಥೆಯ ನಾಯಕಿ ಈ ಹುಡುಗಿ, ಓಝ್ ಅನ್ನೋ ಮಾಯಾಲೋಕ ಸೇರುವವಳು. ಆ ಪುಸ್ತಕದಲ್ಲಿ ಅವು ಬೆಳ್ಳಿ ಶೂಗಳು. ಅವನ್ನು ಕೆಂಪು ಮಾಡಿದ್ದು ಹಾಲಿವುಡ್ಡಿನ ಎಂಜಿಎಂ ಕಂಪನಿ 1939ರಲ್ಲಿ ಈ ಕಥೆಯಿಂದ ಮಾಡಿದ ಸಿನಿಮಾ. ಅಂದಿನಿಂದ ಈ ಕಥೆಯನ್ನು ಸಂಗೀತ ನಾಟಕವಾಗಿ ಆಡಿಸುವ ತಂಡಗಳಿಗೆಲ್ಲ ಒಂದೇ ಪ್ರಶ್ನೆ. ಜನ ಸಿನಿಮಾದಲ್ಲಿ ನೋಡಿದ ವೇಷವನ್ನೇ ಕೊಡಬೇಕಾ, ಇಲ್ಲಾ ತಮ್ಮದೇ ಹೊಲಿಸಬೇಕಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ನಕಲು ಬೇಡ. ಆ ವೇಷಗಳು ಹೇಗೆ ಹುಟ್ಟಿದವು ಅಂತ ನೋಡಿದರೆ ಕಾರಣ ಅರ್ಥವಾಗುತ್ತದೆ.

ಈ ಕಥೆ ಸಿನಿಮಾಗಿಂತ ಬಹಳ ಮುಂಚೆಯೇ ರಂಗ ಹತ್ತಿತ್ತು. 1902ರಲ್ಲಿ ಶಿಕಾಗೊದಲ್ಲಿ, ಮರುವರ್ಷ ನ್ಯೂಯಾರ್ಕಿನ ಹೆಸರಾಂತ ನಾಟಕ ಕೇಂದ್ರ ಬ್ರಾಡ್‌ವೇಯಲ್ಲಿ. ಪುಸ್ತಕಕ್ಕೆ ಚಿತ್ರ ಬಿಡಿಸಿದ್ದ ಡಬ್ಲ್ಯೂ. ಡಬ್ಲ್ಯೂ. ಡೆನ್ಸ್‌ಲೋ ಅವರೇ ಆ ನಾಟಕದ ವೇಷಗಳನ್ನೂ ರೂಪಿಸಿದರು. ಡೊರೊಥಿಯ ಪುಟ್ಟ ನಾಯಿ ಟೋಟೊ ಅದರಲ್ಲಿ ಇರಲೇ ಇಲ್ಲ. ಅದರ ಬದಲು ಇಮೊಜೆನ್ ಅನ್ನೋ ಹಸು! ನಟನೊಬ್ಬ ಹಸುವಿನ ವೇಷ ಹಾಕಿ ಜನರನ್ನು ನಗಿಸುತ್ತಿದ್ದ. ಕಥೆ ಬರೆದವರು, ಚಿತ್ರ ಬಿಡಿಸಿದವರು ಇಬ್ಬರೂ ಜೊತೆಗಿದ್ದಾಗಲೇ ರಂಗ ಇಷ್ಟು ಸಲಿಗೆ ತೆಗೆದುಕೊಂಡಿತ್ತು. ಯಾರೂ ಪುಸ್ತಕದ ಪುಟವನ್ನು ಹಾಗೇ ವೇದಿಕೆಗೆ ಇಳಿಸಲು ಹೋಗಲಿಲ್ಲ.

1938ರಲ್ಲಿ ಎಂಜಿಎಂಗೆ ಚಿತ್ರಕಥೆ ಬರೆಯುತ್ತಿದ್ದ ನೋಯೆಲ್ ಲ್ಯಾಂಗ್ಲಿ ಶೂಗಳ ಬಣ್ಣ ಬದಲಿಸಿದರು. ಬಣ್ಣದಲ್ಲಿ ಸಿನಿಮಾ ತೆಗೆಯುವ ಟೆಕ್ನಿಕಲರ್ ವಿಧಾನ ಆಗ ದುಬಾರಿ ವಿಷಯ. ಅಷ್ಟು ದುಡ್ಡು ಸುರಿದ ಮೇಲೆ ಬಣ್ಣ ಎದ್ದು ಕಾಣಬೇಕಲ್ವಾ? ಡೊರೊಥಿ ನಡೆಯುವ ಹಳದಿ ಇಟ್ಟಿಗೆಯ ದಾರಿಯ ಮೇಲೆ ಬೆಳ್ಳಿಗಿಂತ ಮಾಣಿಕ್ಯದ ಕೆಂಪು ಚೆನ್ನಾಗಿ ಹೊಳೆಯುತ್ತದೆ.

ವೇಷಗಳನ್ನು ರೂಪಿಸಿದವರು ಏಡ್ರಿಯನ್. ಆ ಕಾಲದ ಹಾಲಿವುಡ್‌ನಲ್ಲಿ ದೊಡ್ಡ ಹೆಸರು. ಅವರ ಕೆಲಸವನ್ನು ಹತ್ತಿರದಿಂದ ನೋಡಿದಷ್ಟೂ ಅದು ಕ್ಯಾಮೆರಾಗಾಗಿ ಮಾಡಿದ್ದು ಅನ್ನೋದು ಗೊತ್ತಾಗುತ್ತದೆ. ಡೊರೊಥಿ ನೀಲಿ ಚೌಕಳಿ ಫ್ರಾಕಿನೊಳಗೆ ಹಾಕಿದ ಬ್ಲೌಸ್ ತೆರೆಯ ಮೇಲೆ ಬಿಳಿ. ನಿಜದಲ್ಲಿ ಅದು ತಿಳಿ ಗುಲಾಬಿ. ಅಚ್ಚ ಬಿಳಿ ಬಟ್ಟೆ ಟೆಕ್ನಿಕಲರ್‌ನಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. ಚಮಕಿ ಹೊಲಿದ ಕೆಂಪು ಶೂಗಳ ಕೆಲವು ಜೊತೆಗಳಿಗೆ ಅಡಿಯಲ್ಲಿ ಫೆಲ್ಟ್ ಅನ್ನೋ ಮೆತ್ತನೆಯ ಬಟ್ಟೆ ಅಂಟಿಸಿದ್ದರು, ಹೆಜ್ಜೆ ಹಾಕುವಾಗ ಸದ್ದು ಬರಬಾರದು ಅಂತ. ಸಂಗೀತ ನಾಟಕದಲ್ಲಿ ಎಷ್ಟೋ ಸಲ ಆ ಹೆಜ್ಜೆಯ ಸದ್ದೇ ಬೇಕಾಗುತ್ತದೆ.

ಇನ್ನು ಡೊರೊಥಿಯ ಜೊತೆಗಾರರಾದ ಸಿಂಹ, ತಗಡಿನ ಮನುಷ್ಯ. ಸಿಂಹವಾಗಿದ್ದ ಬರ್ಟ್ ಲಾರ್ ಹಾಕಿದ್ದು ನಿಜವಾದ ಸಿಂಹದ ಚರ್ಮದ ವೇಷ, ತೂಕ ಸುಮಾರು 40 ಕಿಲೊ. ತಗಡಿನ ಮನುಷ್ಯನ ಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದ ಬಡ್ಡಿ ಎಬ್ಸೆನ್ ಮುಖಕ್ಕೆ ಬಳಿದ ಅಲ್ಯೂಮಿನಿಯಂ ಪುಡಿಯಿಂದ ಆಸ್ಪತ್ರೆ ಸೇರಿದರು. ಆಮೇಲೆ ಜ್ಯಾಕ್ ಹೇಲಿ ಬಂದರು. ಪುಡಿಯ ಬದಲು ಪೇಸ್ಟ್ ಬಂತು. ಮಾಟಗಾತಿಯಾಗಿದ್ದ ಮಾರ್ಗರೆಟ್ ಹ್ಯಾಮಿಲ್ಟನ್ ಅವರ ಹಸಿರು ಬಣ್ಣದಲ್ಲಿ ತಾಮ್ರದ ಅಂಶವಿತ್ತು, ಅದು ವಿಷಕಾರಿ. ಚಿತ್ರೀಕರಣದಲ್ಲಿ ಬೆಂಕಿ ತಗುಲಿ ಅವರ ಮುಖ, ಕೈ ಸುಟ್ಟವು. ಆ ಸುಟ್ಟ ಚರ್ಮದ ಮೇಲಿಂದ ಬಣ್ಣವನ್ನು ಕೂಡಲೇ ಒರೆಸಿ ತೆಗೆಯಬೇಕಾಯಿತು. ಸಿನಿಮಾದಲ್ಲಿ ಒಂದು ಶಾಟ್ ಮುಗಿದರೆ ‘ಕಟ್’ ಅನ್ನುತ್ತಾರೆ, ವೇಷ ಬಿಚ್ಚಬಹುದು. ಬ್ರಾಡ್‌ವೇ ನಟ ವಾರಕ್ಕೆ ಎಂಟು ಪ್ರದರ್ಶನ ಕೊಡುತ್ತಾನೆ. ಬೆವರಿನಲ್ಲೇ ಕುಣಿಯಬೇಕು, ಹಾಡಬೇಕು, ಕತ್ತಲಲ್ಲಿ ಬೇಗ ಬೇಗ ಬಟ್ಟೆ ಬದಲಿಸಬೇಕು. ಅವನ ವೇಷದ ಕಷ್ಟಗಳೇ ಬೇರೆ.

ಅಂದಹಾಗೆ ಆ ಹಸಿರು ಮೈ ಕೂಡ ಸಿನಿಮಾದ್ದೇ. ಡೆನ್ಸ್‌ಲೋ ಬಿಡಿಸಿದ ಮಾಟಗಾತಿಗೆ ಒಂದೇ ಕಣ್ಣು, ಮೂರು ಜಡೆ.

ಹಾಗಾದರೆ ಸಿನಿಮಾದ ವೇಷವೇ ಎಲ್ಲರ ತಲೆಯಲ್ಲಿ ಕೂತಿದ್ದು ಹೇಗೆ? 1956ರಲ್ಲಿ ಎರಡು ಸಂಗತಿ ನಡೆದವು. ಬಾಮ್ ಪುಸ್ತಕದ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ಮುಗಿಯಿತು. ಕಥೆಯನ್ನು ಯಾರು ಹೇಗೆ ಬೇಕಾದರೂ ಬಳಸಬಹುದಾಯಿತು. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ಟಿವಿ ಕಂಪನಿ ಸಿಬಿಎಸ್ ಈ ಸಿನಿಮಾವನ್ನು ಮೊದಲ ಸಲ ಟಿವಿಯಲ್ಲಿ ತೋರಿಸಿತು. 1959ರಿಂದ ಅದು ವರ್ಷಕ್ಕೊಮ್ಮೆ ಬರತೊಡಗಿತು. ಕಥೆಗೆ ಬಿಡುಗಡೆ ಸಿಕ್ಕ ಹೊತ್ತಿನಲ್ಲೇ ಅದರ ಒಂದೇ ಒಂದು ರೂಪ ಮನೆಮನೆಯಲ್ಲಿ ಗಟ್ಟಿಯಾಯಿತು. ನಮಗೂ ಇದು ಹೊಸದಲ್ಲ. ಹಿರಣ್ಯಕಶಿಪು ಅಂದ ಕೂಡಲೇ ನಮ್ಮಲ್ಲಿ ಎಷ್ಟೋ ಜನರ ಕಣ್ಣಮುಂದೆ ಬರುವುದು 1983ರ ‘ಭಕ್ತ ಪ್ರಹ್ಲಾದ’ದ ರಾಜ್‌ಕುಮಾರ್.

1987ರಲ್ಲಿ ಲಂಡನ್ನಿನಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಸಿನಿಮಾದ ಹಾಡುಗಳನ್ನೇ ಇಟ್ಟುಕೊಂಡು, ಸಿನಿಮಾಗೆ ಹತ್ತಿರವಾದ ರಂಗರೂಪ ಮಾಡಿತು. ಹವ್ಯಾಸಿ ತಂಡಗಳೂ ಶಾಲೆಗಳೂ ಇದನ್ನು ತುಂಬಾ ಆಡಿವೆ. ಹಾಡು, ಮಾತು ಎಲ್ಲ ಸಿನಿಮಾದ್ದೇ ಆದಾಗ ಜನ ಕೆಂಪು ಶೂ ಕೇಳುತ್ತಾರೆ. ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಕಡಿಮೆ ದುಡ್ಡಿನ ತಂಡಕ್ಕೆ ಬಾಡಿಗೆಗೆ ಸಿಗುವ ರೆಡಿ ವೇಷ ಅನುಕೂಲ ಕೂಡ. ಆದರೆ ಚೌಕಳಿ ಫ್ರಾಕ್ ಮೂಲ ಪುಸ್ತಕದಲ್ಲೇ ಇದೆ. ಬಿಳಿ ನೀಲಿ ಚೌಕಳಿ, ಒಗೆದು ಒಗೆದು ಮಾಸಿದ ನೀಲಿ. ಬಡ ರೈತರ ಮನೆಯ ಹುಡುಗಿ ಅನ್ನೋದು ಆ ಮಾಸಿದ ಬಣ್ಣದಲ್ಲೇ ಗೊತ್ತಾಗುತ್ತದೆ. ಅಲ್ಲಿಂದ ಶುರು ಮಾಡಲು ಯಾರ ಅಪ್ಪಣೆಯೂ ಬೇಡ.

ಅಪ್ಪಣೆಯ ಮಾತು ಸುಮ್ನೆ ಹೇಳಿದ್ದಲ್ಲ. ಸಿನಿಮಾ ಹೊಸದಾಗಿ ಸೇರಿಸಿದ್ದು ಇನ್ನೂ ಹಕ್ಕುಸ್ವಾಮ್ಯದಲ್ಲಿದೆ. ಈಗ ಆ ಹಕ್ಕು ವಾರ್ನರ್ ಬ್ರದರ್ಸ್ ಬಳಿ ಇದೆ. 1985ರಲ್ಲಿ ಡಿಸ್ನಿ ಕಂಪನಿ ತನ್ನ ‘ರಿಟರ್ನ್ ಟು ಓಝ್’ ಸಿನಿಮಾದಲ್ಲಿ ಕೆಂಪು ಶೂ ತೋರಿಸಲು ಎಂಜಿಎಂಗೆ ಹಣ ಕೊಟ್ಟಿತ್ತು. ಅಮೆರಿಕದ ಕಾನೂನಿನ ಪ್ರಕಾರ ಈ ಸಿನಿಮಾ ಎಲ್ಲರದ್ದಾಗುವುದು 2035ರ ಜನವರಿ 1ಕ್ಕೆ. ಒಂದು ನಾಟಕದ ಪ್ರದರ್ಶನದ ಹಕ್ಕು ಕೊಂಡಾಗ ಮಾತು, ಹಾಡು ಸಿಗುತ್ತದೆ. ಸಿನಿಮಾದ ವೇಷ ಅದರ ಜೊತೆ ತಾನಾಗಿ ಬರುವುದಿಲ್ಲ.

ನಕಲು ಬೇಡ ಅಂದವರು ಏನು ಮಾಡಿದರು ನೋಡಿ. 1975ರಲ್ಲಿ ಬ್ರಾಡ್‌ವೇಗೆ ಬಂದ ‘ದಿ ವಿಝ್’ ಇದೇ ಕಥೆಯನ್ನು ಕಪ್ಪು ಕಲಾವಿದರಿಂದಲೇ ಆಡಿಸಿತು. ಜೆಫ್ರಿ ಹೋಲ್ಡರ್ ಅದಕ್ಕೆ ನಿರ್ದೇಶಕರೂ ಹೌದು, ವಸ್ತ್ರವಿನ್ಯಾಸಕರೂ ಹೌದು. ಎರಡಕ್ಕೂ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಪಡೆದರು. ಅವರ ಡೊರೊಥಿಗೆ ಸಿಕ್ಕಿದ್ದು ಬೆಳ್ಳಿ ಶೂ. 1997ರ ‘ದಿ ಲಯನ್ ಕಿಂಗ್’ ಇನ್ನೂ ದೊಡ್ಡ ಉದಾಹರಣೆ. ಸಿನಿಮಾ ಡಿಸ್ನಿಯದ್ದೇ, ನಾಟಕವೂ ಡಿಸ್ನಿಯದ್ದೇ. ನಕಲು ಮಾಡಿದ್ದರೆ ಕೇಳುವವರೇ ಇರಲಿಲ್ಲ. ಆದರೂ ನಾಟಕದ ನಿರ್ದೇಶಕಿ ಜೂಲಿ ಟೇಮರ್ ಕಾರ್ಟೂನಿನ ಸಿಂಹಗಳನ್ನು ತರಲಿಲ್ಲ. ಮುಖವಾಡವನ್ನು ನಟನ ತಲೆಯ ಮೇಲೆ ಕೂರಿಸಿ, ಕೆಳಗೆ ಅವನ ಮುಖ ಕಾಣುವಂತೆ ಬಿಟ್ಟರು. ಪ್ರಾಣಿಯೂ ಮನುಷ್ಯನೂ ಒಟ್ಟಿಗೆ ಕಾಣುವುದು ಎದುರಿಗೇ ಕೂತು ನೋಡುವ ರಂಗದಲ್ಲಿ ಎಷ್ಟು ಚೆಂದ! ನಿರ್ದೇಶನಕ್ಕೂ ವೇಷಕ್ಕೂ ಅವರಿಗೆ ಟೋನಿ ಬಂತು.

ಓಝ್‌ನ ಅದೇ ಮಾಟಗಾತಿಯ ಕಥೆ ಹೇಳುವ, 2003ರಲ್ಲಿ ಬಂದ ‘ವಿಕೆಡ್’ ನಾಟಕ ಇನ್ನೊಂದು ದಾರಿ ಹಿಡಿಯಿತು. ಹಸಿರು ಮೈ, ಕಪ್ಪು ಟೊಪ್ಪಿ ನೋಡಿದರೆ ಹಳೆಯ ಸಿನಿಮಾ ನೆನಪಾಗುತ್ತದೆ. ಆದರೆ ವಸ್ತ್ರವಿನ್ಯಾಸಕಿ ಸೂಸನ್ ಹಿಲ್ಫರ್ಟಿ ಕಳೆದ ಶತಮಾನದ ಶುರುವಿನ ಉಡುಪುಗಳನ್ನು ತೆಗೆದುಕೊಂಡು, ಸೊಟ್ಟಗೆ ತಿರುಚಿ, ಬೇರೆಯದೇ ಲೋಕ ಕಟ್ಟಿದರು. ಶೂಗಳನ್ನು ಮಂತ್ರಿಸುವಾಗ ಮಾತ್ರ ಅವು ಕೆಂಪಗೆ ಹೊಳೆಯುತ್ತವೆ. ಒಳ್ಳೆಯ ಮಾಟಗಾತಿ ಗ್ಲಿಂಡಾ ಗುಳ್ಳೆಯಲ್ಲಿ ಇಳಿದು ಬರುವಾಗ ತೊಟ್ಟ ಗೌನು ತಿಳಿ ನೀಲಿ, 1939ರ ಗುಲಾಬಿ ಅಲ್ಲ.

ಈಗ ಪ್ರಶ್ನೆ ತಿರುಗಿ ಬಂದಿದೆ. 2024ರಲ್ಲಿ ‘ವಿಕೆಡ್’ ಸಿನಿಮಾ ಆಯಿತು. ಪಾಲ್ ಟ್ಯಾಝ್‌ವೆಲ್ ಅದರ ವೇಷಗಳಿಗೆ ಆಸ್ಕರ್ ಗೆದ್ದರು. ಅವರ ಗ್ಲಿಂಡಾ ಗುಲಾಬಿ ಗೌನಿನಲ್ಲಿ ಇಳಿಯುತ್ತಾಳೆ, ಶೂ ಬಾಮ್ ಬರೆದಂತೆ ಬೆಳ್ಳಿಯದು. ಅವರೂ ರಂಗದ ವೇಷವನ್ನು ಎತ್ತಿಕೊಳ್ಳಲಿಲ್ಲ, ಬಟ್ಟೆಯ ಒಂದೊಂದು ಎಳೆ ಕಾಣುವ ಕ್ಲೋಸ್‌ಅಪ್‌ಗೆ ಏನು ಬೇಕೋ ಅದನ್ನು ಮಾಡಿದರು. ಸಿನಿಮಾ ನೋಡಿ ನಾಟಕಕ್ಕೆ ಬಂದ ಮಕ್ಕಳು ಗುಲಾಬಿ ಎಲ್ಲಿ ಅಂತ ಕೇಳುತ್ತಾರೆ, ಕೇಳಲಿ. ಅವರಿಗಾಗಿ ಹಿಲ್ಫರ್ಟಿಯವರ ನೀಲಿ ಗೌನನ್ನು ಪೆಟ್ಟಿಗೆಗೆ ಹಾಕಬಾರದು. ಆ ಗೌನು ಕೊನೇ ಸಾಲಿನವರಿಗೂ ಕಾಣಲಿ ಅಂತ ಹೊಲಿದದ್ದು.