ದರಕಿನಲ್ಲಿ ಉಳಿದ ಸುಣ್ಣ

ಫೆಬ್ರವರಿ ಬಂತೆಂದರೆ ಶಿರಸಿ, ಸಿದ್ದಾಪುರದ ಕಡೆಯ ಸೊಪ್ಪಿನ ಬೆಟ್ಟಗಳಲ್ಲಿ, ಅಂದರೆ ಅಡಿಕೆ ತೋಟದವರಿಗೆ ಸೊಪ್ಪು ತರಲೆಂದು ಬಿಟ್ಟ ಕಾಡುಗಳಲ್ಲಿ, ದರಕು ಗುಡಿಸುವ ಸದ್ದು ಶುರುವಾಗುತ್ತದೆ. ಆ ಒಣ ಎಲೆ ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗಿ, ಸಗಣಿಯೊಡನೆ ಕೊಳೆತು, ಕೊನೆಗೆ ಅಡಿಕೆ ತೋಟ ಸೇರುತ್ತದೆ. ಬ್ರಿಟಿಷರ ಕಾಲದಿಂದ ನಡೆದುಬಂದ ಹಕ್ಕು ಇದು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ. ಗುಡಿಸುವವರೊಡನೆ ನನಗೆ ತಕರಾರಿಲ್ಲ. ತಕರಾರಿರುವುದು ‘ಸತ್ತ ಎಲೆ ತಾನೇ, ಮರಕ್ಕೇನು ನಷ್ಟ’ ಎಂಬ ಮಾತಿನೊಡನೆ.

ಮರ ಎಲೆಯನ್ನು ಸುಮ್ಮನೆ ಬೀಳಿಸುವುದಿಲ್ಲ, ಮೊದಲು ಮನೆ ಖಾಲಿ ಮಾಡುತ್ತದೆ. ಎಲೆ ಹಳದಿಯಾಗುವ ದಿನಗಳಲ್ಲಿ ಹಸಿರು ಬಣ್ಣದ ಯಂತ್ರಗಳನ್ನು ಬಿಚ್ಚಿ, ಸಾರಜನಕ ಮತ್ತು ರಂಜಕದ ಸುಮಾರು ಅರ್ಧ ಪಾಲನ್ನು ಕೊಂಬೆಗೆ ವಾಪಸ್ ಸಾಗಿಸುತ್ತದೆ. ಊರು ಬಿಡುವ ಒಕ್ಕಲು ಪಾತ್ರೆ, ಕಂಬಳಿ, ಅಕ್ಕಿ ಮೂಟೆಗಳನ್ನೆಲ್ಲ ಗಾಡಿಗೆ ಏರಿಸಿದ ಹಾಗೆ. ಆದರೆ ಅಂಗಳದ ಒರಳುಕಲ್ಲು ಗಾಡಿ ಏರುವುದಿಲ್ಲ. ಎಲೆಯ ಒರಳುಕಲ್ಲು ಎಂದರೆ ಕ್ಯಾಲ್ಸಿಯಂ, ನಮ್ಮ ಮಾತಿನಲ್ಲಿ ಸುಣ್ಣ. ಎಲೆಯಿಂದ ಸಕ್ಕರೆ ಹೊತ್ತು ಹರಿಯುವ ಮರದ ನಾಳಗಳ ರಸದಲ್ಲಿ ಅದಕ್ಕೆ ಜಾಗವೇ ಇಲ್ಲ. ಅಲ್ಲಿ ಹೆಚ್ಚಿದರೆ ರಂಜಕದೊಡನೆ ಗಟ್ಟಿ ಕಟ್ಟಿಕೊಳ್ಳುತ್ತದೆ. ಬೇರಿನಿಂದ ನೀರಿನ ಜೊತೆ ಮೇಲೇರಿ ಬಂದದ್ದು ಜೀವಕೋಶದ ಗೋಡೆಗೆ ಗಾರೆಯಾಗಿ, ಇಲ್ಲವೇ ಆಕ್ಸಲೇಟ್ ಹರಳಾಗಿ ಕುಳಿತುಬಿಡುತ್ತದೆ. ಹತ್ತಲು ಮೆಟ್ಟಿಲಿದೆ, ಇಳಿಯಲು ಇಲ್ಲ. ಅದು ಮಣ್ಣಿಗೆ ಮರಳುವ ಮುಖ್ಯ ದಾರಿ ಎಲೆ ಉದುರುವುದೇ.

ನಮ್ಮ ಕರಿಮತ್ತಿ ಮರದ ತೊಗಟೆಯಲ್ಲಿ ಈ ಸುಣ್ಣ ಎಷ್ಟಿದೆಯೆಂದರೆ, ಅದರ ಬೂದಿಯನ್ನು ಎಲೆಯಡಿಕೆಗೆ ಸುಣ್ಣದಂತೆ ಹಚ್ಚುತ್ತಿದ್ದರೆಂದು ಹಳೆಯ ಸಸ್ಯಶಾಸ್ತ್ರದ ಪುಸ್ತಕಗಳು ಬರೆದಿಟ್ಟಿವೆ. ಮೊದಲೇ ಹುಳಿಯಾದ, ಮಳೆಗೆ ತೊಳೆದುಹೋದ ಜಂಬಿಟ್ಟಿಗೆ ಮಣ್ಣು ನಮ್ಮದು. ಅಲ್ಲಿಂದ ವರ್ಷ ವರ್ಷವೂ ದರಕು ಹೊತ್ತರೆ ಹೋಗುವುದು ಮುಖ್ಯವಾಗಿ ಈ ಸುಣ್ಣ.

ಜರ್ಮನಿಯ ರೈತರೂ ಕೊಟ್ಟಿಗೆಯ ಹಾಸಿಗಾಗಿ ತಲೆಮಾರುಗಳ ಕಾಲ ಕಾಡು ಗುಡಿಸಿದರು. ಕಾಡು ಸೊರಗಿತು. ಬವೇರಿಯಾದ ಎರ್ನ್ಸ್ಟ್ ಎಬರ್‌ಮಾಯರ್ ಎಂಬ ವಿಜ್ಞಾನಿ ತರಗೆಲೆಯನ್ನು ತೂಗಿ, ಸುಟ್ಟು, ಬೂದಿಯನ್ನು ಲೆಕ್ಕ ಹಾಕಿ 1876ರಲ್ಲಿ ಆ ಒಂದೇ ವಿಷಯಕ್ಕೆ ದಪ್ಪ ಪುಸ್ತಕ ಬರೆದ. ಕಸದ ಮೇಲೆ ಪುಸ್ತಕ! ನನಗೆ ಬಲು ಇಷ್ಟದ ಮನುಷ್ಯ.

‘ಹಾಗಾದರೆ ಬೆಂಕಿ ಹಾಕಿದರೆ ಬೂದಿಯಾದರೂ ಅಲ್ಲೇ ಉಳಿಯುತ್ತದಲ್ಲ’ ಎನ್ನುವವರಿದ್ದಾರೆ. ಸಾರಜನಕ ಹೊಗೆಯಾಗುತ್ತದೆ, ಬೂದಿಯಲ್ಲಿ ಒಂದಷ್ಟು ಜೂನ್ ತಿಂಗಳ ಮೊದಲ ಮಳೆಗೆ ಹಳ್ಳ ಸೇರುತ್ತದೆ, ಸಸಿಗಳು ಸಾಯುತ್ತವೆ. ಮಳೆಗಾಲದ ಹಸಿ ಸೊಪ್ಪು ಕಡಿಯುವುದೂ ದುಬಾರಿಯೇ: ಒಕ್ಕಲು ಗಾಡಿ ಕಟ್ಟುವ ಮೊದಲೇ ಮನೆಗೆ ನುಗ್ಗಿದಂತೆ, ಪಾತ್ರೆ, ಕಂಬಳಿ, ಒರಳು ಎಲ್ಲವೂ ಹೋಗುತ್ತವೆ.

ಕೊಟ್ಟಿಗೆಗೆ ಹಾಸು ಬೇಕೇ ಬೇಕು, ಅದು ನನಗೂ ಗೊತ್ತು. ಜನವರಿ ಕೊನೆಯಲ್ಲಿ ಬೆಟ್ಟದ ಅಂಚಿನ ಬೆಂಕಿ ರೇಖೆಯನ್ನು, ಅಂದರೆ ಬೆಂಕಿ ದಾಟದಂತೆ ಬರಿದು ಮಾಡುವ ಪಟ್ಟಿಯನ್ನು, ಮೊದಲು ಗುಡಿಸಿ. ಅಲ್ಲಿನ ಎಲೆ ಹೇಗಿದ್ದರೂ ತೆಗೆಯಬೇಕಾದದ್ದು. ಸಾಲದಿದ್ದರೆ ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲು. ಕಡಿದಾದ ಇಳಿಜಾರಿಗೂ ಸಸಿಗಳಿರುವ ಜಾಗಕ್ಕೂ ಪೊರಕೆ ಬೇಡ. ಮತ್ತಿ, ಕಿಂದಳ ಮರಗಳ ಬುಡದಲ್ಲಿ ಬಿದ್ದದ್ದು ಅಲ್ಲೇ ಇರಲಿ.