ಮುಟ್ಟಿಸಿಕೊಂಡ ಶಾರ್ಕ್ ಏನು ಕಲಿಯಿತು?

2019ರ ಜನವರಿಯಲ್ಲಿ ಹವಾಯಿಯ ಓಆಹು ದ್ವೀಪದ ಹತ್ತಿರ ಸತ್ತ ತಿಮಿಂಗಿಲವೊಂದು ತೇಲುತ್ತಿತ್ತು. ಅದನ್ನು ತಿನ್ನಲು ಮೊದಲು ಟೈಗರ್ ಶಾರ್ಕ್‌ಗಳು ಬಂದವು. ಆಮೇಲೆ ಸುಮಾರು ಆರು ಮೀಟರ್ ಉದ್ದದ ಒಂದು ಗ್ರೇಟ್ ವೈಟ್ ಶಾರ್ಕ್ ಬಂತು. ಓಷನ್ ರಾಮ್ಸೆ ಎಂಬ ಡೈವರ್ ಪಂಜರವಿಲ್ಲದೆ ನೀರಿಗಿಳಿದು, ಅದರ ಪಕ್ಕದಲ್ಲೇ ಈಜಿ, ಮೈಮೇಲೆ ಕೈಯಿಟ್ಟರು. ಆ ಚಿತ್ರಗಳನ್ನು ನೀವೂ ನೋಡಿರಬಹುದು. ಬಸ್ಸಿನಂಥ ಒಂದು ದೇಹ, ಅದರ ಪಕ್ಕದಲ್ಲಿ ಚಿಕ್ಕದಾಗಿ ಕಾಣುವ ಒಬ್ಬ ಮನುಷ್ಯೆ.

ಜಗಳ ಆಗಲೇ ಶುರುವಾಯಿತು. ಶಾರ್ಕ್ ರಕ್ಕಸ ಅಲ್ಲ ಅಂತ ಜಗತ್ತಿಗೆ ಇದಕ್ಕಿಂತ ಚೆನ್ನಾಗಿ ತೋರಿಸುವುದು ಹೇಗೆ ಎಂದು ಒಂದು ಕಡೆಯವರು ಕೇಳಿದರು. ಶಾರ್ಕ್ ಅಧ್ಯಯನದಲ್ಲೇ ಬದುಕು ಕಳೆದ ಮೈಕಲ್ ಡೊಮೈಯರ್ ಅವರಂಥ ವಿಜ್ಞಾನಿಗಳು ಸಿಟ್ಟಾದರು. ಅಪರೂಪಕ್ಕೆ ಸಿಕ್ಕ ದೊಡ್ಡ ಊಟದ ಹೊತ್ತಿನಲ್ಲಿ, ಅದೂ ಬಸುರಿಯಾಗಿರಬಹುದಾದ ಶಾರ್ಕ್‌ಗೆ ಅಡ್ಡ ಹೋಗುವುದು ಸರಿಯಾ ಎಂಬುದು ಅವರ ಪ್ರಶ್ನೆ. ಬೇರೆಯವರು ಹೀಗೆ ಮುಟ್ಟಲಿ ಅಂತ ತಾನು ಹೇಳುತ್ತಿಲ್ಲ, ಶಾರ್ಕ್‌ಗಳು ಉಳಿಯಬೇಕು ಎಂಬುದಷ್ಟೇ ತನ್ನ ಆಸೆ ಅಂತ ರಾಮ್ಸೆ ಉತ್ತರ ಕೊಟ್ಟರು. ಅತ್ತ ಸುದ್ದಿ ಹರಡಿದ ಕೂಡಲೇ ಇನ್ನಷ್ಟು ಜನ ದೋಣಿ ಹತ್ತಿ ಆ ತಿಮಿಂಗಿಲ ಹುಡುಕಿಕೊಂಡು ಹೊರಟರು. ದೂರ ಇರಿ ಎಂದು ಹವಾಯಿಯ ಅಧಿಕಾರಿಗಳು ಕೇಳಿಕೊಳ್ಳಬೇಕಾಯಿತು.

ಇಂಥ ಚರ್ಚೆ ಬಂದಾಗಲೆಲ್ಲ ಮಾತು ಡೈವರ್ ಸುತ್ತಲೇ ಸುತ್ತುತ್ತದೆ. ಆಕೆಯದು ಧೈರ್ಯವೋ ಹುಚ್ಚೋ, ಪ್ರೀತಿಯೋ ಪ್ರಚಾರವೋ? ನನಗೆ ಶಾರ್ಕ್ ಕಡೆಯಿಂದ ನೋಡುವುದೇ ಹೆಚ್ಚು ಉಪಯೋಗ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ಅದು ಯಾವ ಸ್ಥಿತಿಯಲ್ಲಿತ್ತು? ಆ ಭೇಟಿಯಿಂದ ಏನು ಕಲಿಯಿತು?

ಮೊದಲನೆಯದಕ್ಕೆ ಉತ್ತರ ಹೊಟ್ಟೆಯಲ್ಲಿದೆ. ಗ್ರೇಟ್ ವೈಟ್ ಶಾರ್ಕ್ ತನ್ನ ಮೈಯನ್ನು ಸುತ್ತಲಿನ ನೀರಿಗಿಂತ ಬೆಚ್ಚಗೆ ಇಟ್ಟುಕೊಳ್ಳುತ್ತದೆ. ಅದಕ್ಕೆ ಶಕ್ತಿ ಜಾಸ್ತಿ ಬೇಕು. ತಿಮಿಂಗಿಲದ ಕೊಬ್ಬಿನಷ್ಟು ಶಕ್ತಿಯ ಊಟ ಕಡಲಲ್ಲಿ ಬೇರೊಂದು ಸಿಗುವುದು ಕಷ್ಟ. 30 ಕಿಲೊ ಕೊಬ್ಬು ತಿಂದರೆ ಈ ಶಾರ್ಕ್ 12ರಿಂದ 15 ದಿನ ನಿಭಾಯಿಸಬಹುದು ಎಂದು 2013ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಲೆಕ್ಕ ಹಾಕಿದರು. ಅದಕ್ಕೂ ಹಿಂದಿನ ಅಂದಾಜು ಇನ್ನೂ ದೊಡ್ಡದಿತ್ತು, ಒಂದೂವರೆ ತಿಂಗಳು. ಓಆಹುವಿನಲ್ಲಿ ತೇಲುತ್ತಿದ್ದದ್ದು ಇಡೀ ತಿಮಿಂಗಿಲ. ಅದರ ಪಕ್ಕದಲ್ಲಿದ್ದ ಶಾರ್ಕ್ ನಿಧಾನವಾಗಿ, ಶಾಂತವಾಗಿ ಈಜುತ್ತಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಹೊಟ್ಟೆ ತುಂಬಿದ ಒಂದು ಶಾರ್ಕ್ ಒಂದು ದಿನ ಸುಮ್ಮನಿತ್ತು ಎನ್ನುವುದನ್ನು ಆ ಚಿತ್ರ ಪಕ್ಕಾ ಹೇಳುತ್ತದೆ. ಶಾರ್ಕ್‌ಗಳ ಸ್ವಭಾವವೇ ಹೀಗೆ ಅಂತ ಹೇಳಲು ಒಂದು ಚಿತ್ರ ಸಾಲದು.

ಶಾರ್ಕ್‌ನ ಮುಖದಲ್ಲಿ ಸಿಟ್ಟು ಕಾಣುವುದಿಲ್ಲ ಎಂಬುದು ಇನ್ನೊಂದು ತೊಂದರೆ. ನಾಯಿ ಗುರ್ ಎನ್ನುತ್ತದೆ, ಬೆಕ್ಕು ಮೈ ಕೂದಲು ನಿಮಿರಿಸುತ್ತದೆ. ಶಾರ್ಕ್ ಏನಿದ್ದರೂ ಮೈಯಲ್ಲೇ ಹೇಳಬೇಕು. ಪೆಸಿಫಿಕ್ ಸಾಗರದ ಎನೆವೆಟಾಕ್ ಹವಳದ ದ್ವೀಪದಲ್ಲಿ ಜಾನ್ಸನ್ ಮತ್ತು ನೆಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಗ್ರೇ ರೀಫ್ ಶಾರ್ಕ್‌ಗಳ ಈ ಮೈಮಾತನ್ನು ಗಮನಿಸಿ 1973ರಲ್ಲಿ ಬರೆದರು. ಡೈವರ್ ಬೆನ್ನಟ್ಟಿ ಬಂದರೆ, ಅಥವಾ ತಪ್ಪಿಸಿಕೊಳ್ಳುವ ದಾರಿ ಮುಚ್ಚಿದರೆ, ಶಾರ್ಕ್ ಮೂತಿ ಎತ್ತುತ್ತದೆ. ಬೆನ್ನು ಬಾಗುತ್ತದೆ. ಎದೆಯ ಪಕ್ಕದ ಎರಡೂ ರೆಕ್ಕೆಗಳು ಕೆಳಕ್ಕೆ ಇಳಿಬೀಳುತ್ತವೆ. ಇಡೀ ಮೈ ಅತ್ತಿತ್ತ ಅತಿಯಾಗಿ ಬಳುಕುತ್ತದೆ. ನೋಡುವವರಿಗೆ ಕುಣಿಯುತ್ತಿರುವಂತೆ ಕಾಣಬಹುದು. ಅದು ಕೊನೆಯ ಎಚ್ಚರಿಕೆ.

ಆ ಎಚ್ಚರಿಕೆಯನ್ನು ಮೀರಿದರೆ ಏನಾಗುತ್ತದೆ ಎಂದು ತಿಳಿಯಲು ನೆಲ್ಸನ್ ಮುಂದೆ ಒಬ್ಬರೇ ಕೂರುವಂಥ ಪುಟ್ಟ ಜಲಾಂತರ್ನೌಕೆ ಕಟ್ಟಿಸಿಕೊಂಡರು. ಅದರಲ್ಲಿ ಕೂತು ಶಾರ್ಕ್‌ಗಳ ಬೆನ್ನು ಹತ್ತಿದರು. ಕೆಲವು ಮೊದಲು ಎಚ್ಚರಿಕೆ ಕೊಟ್ಟವು, ಆಮೇಲೆ ಮಿಂಚಿನಂತೆ ತಿರುಗಿ ನೌಕೆಯನ್ನೇ ಕಚ್ಚಿದವು. ತಿನ್ನುವ ಉದ್ದೇಶವೇ ಇಲ್ಲದ ಕಚ್ಚು ಅದು. ಜಾಗ ಬಿಡು ಅನ್ನುವುದಷ್ಟೇ ಅರ್ಥ. ಫೋಟೊಗಾಗಿ ಶಾರ್ಕ್‌ನ ಹಿಂದೆಯೇ ಈಜುವ ಪ್ರವಾಸಿಗಳಲ್ಲಿ ಎಷ್ಟು ಜನರಿಗೆ ಈ ಭಾಷೆ ಗೊತ್ತು ಎಂದು ನೆನೆದರೆ ಭಯವಾಗುತ್ತದೆ.

ಇನ್ನು ಕಲಿಕೆಯ ವಿಷಯ. ಶಾರ್ಕ್ ದಡ್ಡ ಪ್ರಾಣಿ, ತಿನ್ನುವುದೊಂದೇ ಗೊತ್ತು ಎಂದು ಬಹಳ ಕಾಲ ನಂಬಲಾಗಿತ್ತು. ಅದನ್ನು ಮುರಿದವರು ಯುಜೀನಿ ಕ್ಲಾರ್ಕ್ ಎಂಬ ವಿಜ್ಞಾನಿ. 1950ರ ದಶಕದ ಕೊನೆಗೆ ಫ್ಲಾರಿಡಾದ ತಮ್ಮ ಪ್ರಯೋಗಾಲಯದಲ್ಲಿ ಅವರು ಲೆಮನ್ ಶಾರ್ಕ್‌ಗಳಿಗೆ ಪಾಠ ಹೇಳಿದರು. ನೀರಲ್ಲಿ ಒಂದು ಹಲಗೆ ಇಳಿಬಿಟ್ಟಿರುತ್ತಿದ್ದರು. ಶಾರ್ಕ್ ಅದನ್ನು ಮೂತಿಯಿಂದ ಒತ್ತಿದರೆ ಗಂಟೆ ಬಾರಿಸುತ್ತಿತ್ತು, ತಿನ್ನಲು ಸಿಗುತ್ತಿತ್ತು. ಶಾರ್ಕ್‌ಗಳು ಇದನ್ನು ಬೇಗ ಕಲಿತವು. ಚಳಿಗಾಲದಲ್ಲಿ ಅವು ತಿನ್ನುವುದು ನಿಲ್ಲಿಸಿದ್ದರಿಂದ ಪಾಠವೂ ಹತ್ತು ವಾರ ನಿಂತಿತು. ನೀರು ಬೆಚ್ಚಗಾದ ಮೇಲೆ ಹಲಗೆ ಮತ್ತೆ ಇಳಿಸಿದಾಗ ಅವು ಮರೆತಿರಲಿಲ್ಲ. ಈಚೆಗೆ ಬಹಾಮಾಸ್‌ನ ಬಿಮಿನಿಯಲ್ಲಿ ನಡೆದ ಪ್ರಯೋಗಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. ಮರಿ ಲೆಮನ್ ಶಾರ್ಕ್‌ಗಳು ಒಂದನ್ನು ನೋಡಿ ಇನ್ನೊಂದು ಕಲಿಯುತ್ತವೆ.

ಅಂದರೆ ನಾವು ಶಾರ್ಕ್ ಜೊತೆ ಮಾಡುವ ಪ್ರತಿಯೊಂದೂ ಅದಕ್ಕೊಂದು ಪಾಠವೇ. ನಮ್ಮನ್ನು ಕಂಡು ಹೆದರುವುದನ್ನು ಬಿಡುವುದು ಒಂದು ಬಗೆಯ ಪಾಠ. ಮನುಷ್ಯ ಬಂದರೆ ಊಟ ಬರುತ್ತದೆ ಎಂಬುದು ಇನ್ನೊಂದು ಬಗೆಯದು. ಎರಡನೆಯದು ಹೆಚ್ಚು ಅಪಾಯ. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗಿನ ಕಾಡುದಾರಿಯಲ್ಲಿ ಕಬ್ಬಿನ ಲಾರಿಗಾಗಿ ಕಾದು ನಿಲ್ಲುವ ಆನೆಗಳು ಕಲಿತದ್ದೂ ಇದನ್ನೇ ಅಲ್ವಾ?

ಇಸ್ರೇಲಿನ ಹದೇರಾ ತೀರದಲ್ಲಿ ನಡೆದದ್ದನ್ನು ಈ ಬೆಳಕಿನಲ್ಲಿ ನೋಡಬೇಕು. ಅಲ್ಲಿ ಒಂದು ದೊಡ್ಡ ವಿದ್ಯುತ್ ಸ್ಥಾವರವಿದೆ. ಯಂತ್ರ ತಂಪು ಮಾಡಿದ ಬಿಸಿನೀರು ಕಡಲಿಗೆ ಬಂದು ಬೀಳುತ್ತದೆ. ಚಳಿಗಾಲದಲ್ಲಿ ಆ ಬೆಚ್ಚನೆ ನೀರು ಹುಡುಕಿಕೊಂಡು ಡಸ್ಕಿ ಮತ್ತು ಸ್ಯಾಂಡ್‌ಬಾರ್ ಎಂಬ ಎರಡು ಜಾತಿಯ ಶಾರ್ಕ್‌ಗಳು ಗುಂಪುಗುಂಪಾಗಿ ಬರುತ್ತವೆ. ಹೈಫಾ ವಿಶ್ವವಿದ್ಯಾಲಯದವರು ವರ್ಷಗಳಿಂದ ಇವುಗಳ ಅಧ್ಯಯನ ಮಾಡುತ್ತಿದ್ದಾರೆ. ಎರಡೂ ಅಳಿವಿನ ಅಂಚಿನ ಕಡೆಗೆ ಸಾಗುತ್ತಿರುವ ಜಾತಿಗಳು, ಹಾಗಾಗಿ ಹದೇರಾ ಅಮೂಲ್ಯವಾದ ಜಾಗ. ಸುದ್ದಿ ಹರಡಿದ ಮೇಲೆ ಜನವೂ ಬರತೊಡಗಿದರು. ಸೊಂಟದಷ್ಟು ನೀರಿನಲ್ಲಿ ನಿಂತು ಶಾರ್ಕ್‌ಗಳನ್ನು ನೋಡುವವರು, ಕ್ಯಾಮೆರಾ ಹಿಡಿದು ಮುಳುಗುವವರು, ಮೀನು ಎಸೆಯುವವರು, ಬಾಲ ಹಿಡಿದು ಎಳೆಯುವವರು. ಈಜಬಾರದು ಎಂಬ ನಿಯಮ ಇತ್ತು, ಪಾಲಿಸುವವರು ಕಡಿಮೆ.

2025ರ ಏಪ್ರಿಲ್ 21ರಂದು ಅಲ್ಲಿ ಈಜಲು ಹೋದ ಒಬ್ಬರನ್ನು ಶಾರ್ಕ್‌ಗಳು ಕೊಂದವು. ಇಸ್ರೇಲ್ ತೀರದಲ್ಲಿ ಇಂಥದ್ದು ಅಪರೂಪದಲ್ಲಿ ಅಪರೂಪ. ಡಸ್ಕಿ ಶಾರ್ಕ್‌ಗಳು ಮನುಷ್ಯನನ್ನು ಬೇಟೆ ಅಂತ ನೋಡುವುದಿಲ್ಲ. ಹಾಗಾದರೆ ಯಾಕೆ? ಘಟನೆಯನ್ನು ಅಧ್ಯಯನ ಮಾಡಿದ ಸಂಶೋಧಕರ ಅಂದಾಜು ಹೀಗಿದೆ. ಜನ ತಿನ್ನಿಸಿ ತಿನ್ನಿಸಿ, ಈ ಶಾರ್ಕ್‌ಗಳು ಮನುಷ್ಯರ ಹತ್ತಿರ ಬಂದು ಊಟ ಬೇಡುವುದನ್ನು ಕಲಿತಿದ್ದವು. ಹಾಗೆ ಬೇಡುತ್ತಾ ತೀರಾ ಹತ್ತಿರ ಬಂದ ಒಂದು ಶಾರ್ಕ್ ಮೊದಲು ಕಚ್ಚಿರಬೇಕು. ರಕ್ತ ಬಂದ ಮೇಲೆ ಉಳಿದವು ಒಂದರ ಮೇಲೊಂದು ಪೈಪೋಟಿಗೆ ಬಿದ್ದವು. ಅಲ್ಲಿ ಮೀನು ಎಸೆದವರಾಗಲಿ, ಬಾಲ ಎಳೆದವರಾಗಲಿ ಸಾಯಲಿಲ್ಲ. ಬೇರೊಬ್ಬರು ಸತ್ತರು. ಈ ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದು. ನನ್ನ ಜೀವ, ನನ್ನ ಇಷ್ಟ ಎಂದು ಡೈವರ್ ಹೇಳಬಹುದು. ಆದರೆ ಕಲಿತ ಪ್ರಾಣಿ ಅದೇ ನೀರಿನಲ್ಲಿ ಉಳಿಯುತ್ತದೆ, ನಾಳೆ ಬರುವವರನ್ನು ಎದುರುಗೊಳ್ಳುತ್ತದೆ.

ನೆಲದ ಮೇಲೆ ಇದರ ದೊಡ್ಡ ಉದಾಹರಣೆ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ. ಅಲ್ಲಿ ಒಂದು ಕಾಲದಲ್ಲಿ ಹೋಟೆಲಿನ ಕಸದ ಗುಂಡಿಗೆ ಕರಡಿಗಳು ಬರುವುದನ್ನು ನೋಡಲೆಂದೇ ಪ್ರವಾಸಿಗಳಿಗೆ ಬೆಂಚು ಹಾಕಿದ್ದರು. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಕರಡಿಗೆ ಕೈಯಾರೆ ತಿನ್ನಿಸುವುದು ರಜೆಯ ಮುಖ್ಯ ಖುಷಿ. 1931ರಿಂದ 1969ರವರೆಗೆ ಅಲ್ಲಿ ಕರಡಿಗಳಿಂದ ವರ್ಷಕ್ಕೆ ಸರಾಸರಿ 48 ಮಂದಿಗೆ ಗಾಯ ಆಗುತ್ತಿತ್ತು. 1970ರಿಂದ ತಿನ್ನಿಸುವುದಕ್ಕೆ ಬಿಗಿಯಾದ ತಡೆ ಬಿತ್ತು, ಗುಂಡಿಗಳನ್ನು ಮುಚ್ಚಿದರು. ಕಾಲ ಕಳೆದಂತೆ ಗಾಯದ ಸಂಖ್ಯೆ ವರ್ಷಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಅದರ ಬೆಲೆಯನ್ನು ಮಾತ್ರ ಕರಡಿಗಳೇ ತೆತ್ತವು. ಕಸದ ರುಚಿ ಹತ್ತಿದ ಎಷ್ಟೋ ಗ್ರಿಜ್ಲಿ ಕರಡಿಗಳು ಊಟ ಹುಡುಕಿ ಜನರಿದ್ದ ಕಡೆ ನುಗ್ಗಿ ಗುಂಡೇಟಿಗೆ ಸತ್ತವು. ಅಲಾಸ್ಕಾದ ಕಟ್ಮೈಯಲ್ಲಿ 13 ಬೇಸಿಗೆ ಕರಡಿಗಳ ನಡುವೆ ಕಳೆದ ಟಿಮೊತಿ ಟ್ರೆಡ್‌ವೆಲ್ 2003ರ ಅಕ್ಟೋಬರ್‌ನಲ್ಲಿ ಗೆಳತಿಯ ಜೊತೆ ಕರಡಿಗೆ ಬಲಿಯಾದಾಗಲೂ ಅಷ್ಟೇ. ಹೆಣ ಹುಡುಕಲು ಹೋದ ರೇಂಜರ್‌ಗಳು ಎರಡು ಕರಡಿಗಳನ್ನು ಕೊಲ್ಲಬೇಕಾಯಿತು. ಟ್ರೆಡ್‌ವೆಲ್ ಕಾಪಾಡಲು ಹೊರಟಿದ್ದೇ ಆ ಪ್ರಾಣಿಗಳನ್ನು.

ಹತ್ತಿರ ಹೋಗುವವರು ಸಾಮಾನ್ಯವಾಗಿ ಒಂದು ಅಂಕಿ ಮುಂದಿಡುತ್ತಾರೆ. ಜಗತ್ತಿನಲ್ಲಿ ಶಾರ್ಕ್‌ನಿಂದ ವರ್ಷಕ್ಕೆ ಸಾಯುವವರು ಐದಾರು ಮಂದಿ ಮಾತ್ರ. ಅಂಕಿ ನಿಜ. ಆದರೆ ಈ ಲೆಕ್ಕ ಇಡುವ ಫ್ಲಾರಿಡಾ ಮ್ಯೂಸಿಯಮ್‌ನ ದಾಖಲೆಯಲ್ಲಿ ದಾಳಿಗಳನ್ನು ಎರಡು ಭಾಗ ಮಾಡಿರುತ್ತಾರೆ. ಮುಟ್ಟಲು ಹೋಗಿ, ತಿನ್ನಿಸಲು ಹೋಗಿ ಕಚ್ಚಿಸಿಕೊಂಡರೆ ಅದು ಕೆಣಕಿದ ದಾಳಿಯ ಪಟ್ಟಿಗೆ ಹೋಗುತ್ತದೆ. ಆ ಐದಾರು ಎಂಬ ಅಂಕಿ ಕೆಣಕದೆ ಆದ ದಾಳಿಗಳದ್ದು, ತಮ್ಮ ಪಾಡಿಗೆ ಈಜುತ್ತಿದ್ದವರದ್ದು. ಶಾರ್ಕ್ ಮೈಮೇಲೆ ಕೈಯಿಡುವವರು ಆ ಅಂಕಿಯನ್ನು ತಮ್ಮ ರಕ್ಷಣೆಗೆ ಬಳಸಿಕೊಳ್ಳಲು ಬರುವುದಿಲ್ಲ. ಶಾರ್ಕ್ ವರ್ತನೆಯ ಪರಿಣತ ಎರಿಕ್ ರಿಟ್ಟರ್ 2002ರಲ್ಲಿ ಬಹಾಮಾಸ್‌ನಲ್ಲಿ, ಕ್ಯಾಮೆರಾದ ಎದುರೇ, ಬುಲ್ ಶಾರ್ಕ್‌ಗೆ ಮೀನಖಂಡ ಕಳೆದುಕೊಂಡರು. ತಿಳಿವಳಿಕೆಯಲ್ಲಿ ಅವರನ್ನು ಮೀರಿಸುವವರು ಕಡಿಮೆ ಇದ್ದರು.

ಇಷ್ಟಾದರೂ ಹತ್ತಿರದಿಂದ ನೋಡುವುದನ್ನೇ ನಿಲ್ಲಿಸಿ ಅನ್ನುವವರ ಜೊತೆ ನಾನಿಲ್ಲ. ಕಾರಣ ಸರಳ. ಮನುಷ್ಯರು ವರ್ಷಕ್ಕೆ ಕೊಲ್ಲುವ ಶಾರ್ಕ್‌ಗಳ ಸಂಖ್ಯೆ ಸುಮಾರು 10 ಕೋಟಿ ಎಂಬುದು 2013ರ ಒಂದು ಅಂದಾಜು. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ ಮೀನುಗಳು 1970ರಿಂದೀಚೆಗೆ ಶೇಕಡ 71ರಷ್ಟು ಕಡಿಮೆಯಾಗಿವೆ. ಇದನ್ನು ತಡೆಯಲು ಶಾರ್ಕ್ ಕಂಡು ಬೆರಗಾದ ಜನ ಬೇಕು. ಪಲಾವು ದೇಶ 2009ರಲ್ಲಿ ತನ್ನ ಇಡೀ ಕಡಲನ್ನು ಶಾರ್ಕ್‌ಗಳ ಆಶ್ರಯತಾಣ ಮಾಡಿತು. ಅಲ್ಲಿನ ಒಂದು ರೀಫ್ ಶಾರ್ಕ್ ಬದುಕಿರುವಷ್ಟು ಕಾಲ ಪ್ರವಾಸೋದ್ಯಮಕ್ಕೆ 19 ಲಕ್ಷ ಡಾಲರ್ ತರುತ್ತದೆ, ಸತ್ತರೆ 108 ಡಾಲರ್ ಅಷ್ಟೇ ಎಂದು ಮುಂದೆ ಲೆಕ್ಕ ಬಂತು. ಫಿಜಿಯ ಬೆಕಾ ಕಾಲುವೆಯಲ್ಲಿ ಬುಲ್ ಶಾರ್ಕ್ ನೋಡಲು ಬರುವ ಪ್ರತಿಯೊಬ್ಬ ಡೈವರ್ ಒಂದು ಶುಲ್ಕ ಕೊಡುತ್ತಾರೆ. ಆ ಜಾಗದಲ್ಲಿ ಮೀನು ಹಿಡಿಯುವುದನ್ನು ಬಿಟ್ಟ ಹಳ್ಳಿಗಳಿಗೆ ಆ ಹಣ ಹೋಗುತ್ತದೆ. ಹವಾಯಿ ತನ್ನ ನೀರಿನಲ್ಲಿ ಶಾರ್ಕ್ ಕೊಲ್ಲುವುದನ್ನು 2022ರ ಜನವರಿಯಿಂದ ನಿಷೇಧಿಸಿತು. ಆ ಕಾನೂನಿಗಾಗಿ ವರ್ಷಗಟ್ಟಲೆ ದನಿ ಎತ್ತಿದವರಲ್ಲಿ ಓಷನ್ ರಾಮ್ಸೆ ಕೂಡ ಒಬ್ಬರು. ಅದನ್ನು ಮರೆತು ಅವರನ್ನು ಬೈಯುವುದು ನ್ಯಾಯವಲ್ಲ.

ನೋಡುವುದಕ್ಕೂ ಶಾರ್ಕ್ ಬೆಲೆ ಕೊಡುತ್ತದೆ, ಇದೂ ಗೊತ್ತಿರಲಿ. ದಕ್ಷಿಣ ಆಸ್ಟ್ರೇಲಿಯಾದ ನೆಪ್ಚೂನ್ ದ್ವೀಪಗಳಲ್ಲಿ ಪಂಜರದ ಡೈವಿಂಗ್ ನಡೆಯುತ್ತದೆ. ಅಲ್ಲಿನ ಹತ್ತು ಗ್ರೇಟ್ ವೈಟ್ ಶಾರ್ಕ್‌ಗಳಿಗೆ ಚಲನೆ ಅಳೆಯುವ ಪುಟ್ಟ ಯಂತ್ರ ಕಟ್ಟಿ ನೋಡಿದರು. ಪ್ರವಾಸಿ ದೋಣಿಗಳ ಆಮಿಷದ ಸುತ್ತ ಇದ್ದಾಗ ಅವುಗಳ ಓಡಾಟ ಶೇಕಡ 61ರಷ್ಟು ಜಾಸ್ತಿ ಇತ್ತು. ಸಿಗದ ಊಟಕ್ಕಾಗಿ ಖರ್ಚಾದ ಶಕ್ತಿ ಅದು. ಮೆಕ್ಸಿಕೊ 2023ರಲ್ಲಿ ಗ್ವಾಡಲೂಪೆ ದ್ವೀಪದ ಶಾರ್ಕ್ ಪ್ರವಾಸೋದ್ಯಮವನ್ನು ಪೂರ್ತಿ ಮುಚ್ಚಿಬಿಟ್ಟಿತು. ಅಲ್ಲಿ 2019ರಲ್ಲಿ ಒಂದು ಶಾರ್ಕ್ ಪಂಜರದ ಸರಳುಗಳ ನಡುವೆ ಸಿಕ್ಕಿಕೊಂಡು ಸತ್ತಿತ್ತು. ಆ ನೋವು ಅರ್ಥವಾಗುತ್ತದೆ. ಆದರೂ ಪೂರ್ತಿ ಮುಚ್ಚಿದ್ದು ನನಗೆ ಸರಿ ಕಾಣುವುದಿಲ್ಲ. ದೋಣಿಗಳು ಹೋದರೆ ಕಳ್ಳಬೇಟೆಯನ್ನು ನೋಡುವ ಕಣ್ಣುಗಳೂ ಹೋಗುತ್ತವೆ. ದೋಣಿಗಳ ಸಂಖ್ಯೆ ಇಳಿಸಿ, ಪಂಜರದ ಅಳತೆ ಬದಲಿಸಿ, ಆಮಿಷ ನಿಲ್ಲಿಸಿ ನೋಡಬಹುದಿತ್ತು.

ಹಾಗಾದರೆ ಗೆರೆ ಎಲ್ಲಿ? ನಾನಂತೂ ಎರಡು ಕಡೆ ಎಳೆಯುತ್ತೇನೆ. ಪ್ರವಾಸಿಯ ಕೈಯಿಂದ ಊಟ ಬೇಡ. ಪ್ರವಾಸಿಯ ಕೈ ಮೈಮೇಲೂ ಬೇಡ. ಡೈವರ್‌ಗಳು ಮೀನುಗಳಿಗೆ ತಿನ್ನಿಸುವುದನ್ನು ಫ್ಲಾರಿಡಾ 2002ರಿಂದಲೇ ತಡೆದಿದೆ, ಆ ಕಡಲಲ್ಲಿ ಇವತ್ತಿಗೂ ಜನ ಶಾರ್ಕ್ ನೋಡುತ್ತಾರೆ. ಬಹಾಮಾಸ್‌ನಲ್ಲಿ ಕ್ರಿಸ್ಟೀನಾ ಜೆನಾಟೊ ಎಂಬ ಡೈವರ್ ಶಾರ್ಕ್‌ಗಳನ್ನು ಮುಟ್ಟುತ್ತಾರಲ್ಲ ಅಂತ ಕೇಳಬಹುದು. ಹೌದು. ಉಕ್ಕಿನ ಬಳೆಗಳಿಂದ ಹೆಣೆದ ಅಂಗಿ ತೊಟ್ಟು ಅವರು ರೀಫ್ ಶಾರ್ಕ್‌ನ ಮೂತಿ ಸವರುತ್ತಾರೆ. ಆ ಮೂತಿಯ ತುಂಬ ಸೂಜಿಮೊನೆಯಷ್ಟು ರಂಧ್ರಗಳಿವೆ, ಒಳಗೆ ಲೋಳೆ ತುಂಬಿದ ನಾಳಗಳು. ಬೇರೆ ಜೀವಿಗಳ ಸ್ನಾಯುಗಳಿಂದ ಹೊಮ್ಮುವ ಅತಿ ಸಣ್ಣ ವಿದ್ಯುತ್ತನ್ನೂ ಶಾರ್ಕ್ ಅಲ್ಲಿಂದಲೇ ಗುರುತಿಸುತ್ತದೆ. ಆ ಜಾಗ ಸವರಿದಾಗ ಶಾರ್ಕ್ ಮಂಪರಿಗೆ ಜಾರಿ ಅವರ ಮಡಿಲಲ್ಲಿ ಸುಮ್ಮನಾಗುತ್ತದೆ. ಆಗ ಅವರು ಬಾಯೊಳಗೆ ಕೈ ಹಾಕಿ, ಮೀನುಗಾರರ ಗಾಳದ ಕೊಕ್ಕೆ ಚುಚ್ಚಿಕೊಂಡಿದ್ದರೆ ಬಿಡಿಸುತ್ತಾರೆ. ಹೀಗೆ ನೂರಾರು ಕೊಕ್ಕೆ ತೆಗೆದಿದ್ದಾರೆ. ದಶಕಗಳ ಕಾಲ ಅದೇ ನೀರು, ಅದೇ ಶಾರ್ಕ್‌ಗಳನ್ನು ನೋಡಿದವರ ಕೆಲಸ ಇದು. ಆ ಮುಟ್ಟುವಿಕೆಯಿಂದ ಶಾರ್ಕ್‌ಗೆ ಲಾಭವಿದೆ. ಅವರನ್ನು ನೋಡಿ ರಜೆಗೆ ಬಂದವರು ಕೈ ಚಾಚಿದರೆ ಅವಕ್ಕೆ ಸಿಗುವುದು ಏನೂ ಇಲ್ಲ.